ಕೋಡ್ ಕಲಿಕೆಗೆ ಬ್ರೌಸರ್ ಆಸರೆ: ಕಾಲುವೆ ಕೊನೆಯ ವಿದ್ಯಾರ್ಥಿಗೆ ಯಾವುದು ಹಿತ?

ರಾಯಚೂರು: ಗಣಕ ವಿಜ್ಞಾನ ಓದುವ ವಿದ್ಯಾರ್ಥಿಗೆ ಇಂದು ಪಠ್ಯಪುಸ್ತಕಕ್ಕೆ ಕೊರತೆಯಿಲ್ಲ. ಪಾಠದ ವಿಡಿಯೊಗಳು ಬೆರಳ ತುದಿಯಲ್ಲಿವೆ. ಆದರೆ ಬರೆದ ಪ್ರೋಗ್ರಾಂ ಸರಿಯೋ ತಪ್ಪೋ ಎಂದು ಓಡಿಸಿ ನೋಡಲು ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ಜಿಲ್ಲೆಯಲ್ಲಿ ಕಡಿಮೆಯೇನಲ್ಲ. ಕಾಲೇಜಿನ ಲ್ಯಾಬ್ ದೊರೆಯುವುದು ವಾರಕ್ಕೆ ಕೆಲವೇ ಗಂಟೆ. ಹಳ್ಳಿಗೆ ಹೋಗುವ ಸಂಜೆಯ ಬಸ್ ಹಿಡಿಯಬೇಕಾದ ವಿದ್ಯಾರ್ಥಿಗೆ ಆ ಗಂಟೆಗಳೂ ಪೂರ್ತಿ ದಕ್ಕುವುದಿಲ್ಲ.

ಈ ಕೊರತೆಯನ್ನು ತುಂಬಲು ಬಂದಿರುವುದೇ ಬ್ರೌಸರ್‌ನಲ್ಲಿಯೇ ಕೋಡ್ ಬರೆದು ಓಡಿಸುವ ವ್ಯವಸ್ಥೆ. ವಿದ್ಯಾರ್ಥಿಗಳ ಬಾಯಲ್ಲಿ ಇದು 'ಆನ್‌ಲೈನ್ ಕಂಪೈಲರ್'. ಯಂತ್ರದಲ್ಲಿ ಯಾವ ತಂತ್ರಾಂಶವನ್ನೂ ಅಳವಡಿಸಬೇಕಿಲ್ಲ. ಜಾಲತಾಣವೊಂದನ್ನು ತೆರೆದರೆ ಸಾಕು. ಆದರೆ ಇಂತಹ ತಾಣಗಳು ಒಂದೆರಡಲ್ಲ. ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ದೊರೆಯುವ ಉತ್ತರ ಮಾನ್ವಿಗೂ ದೇವದುರ್ಗಕ್ಕೂ ಒಪ್ಪುತ್ತದೆಯೇ ಎಂಬುದು ಇಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಯೋಚಿಸಬೇಕಾದ ವಿಷಯವಾಗಿದೆ.

ಟೇಲ್‌ಎಂಡ್ ಪಾಠ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ ಹಾಗೂ ರಾಯಚೂರು ತಾಲ್ಲೂಕುಗಳ ರೈತರಿಗೆ 'ಟೇಲ್‌ಎಂಡ್' ಎಂಬ ಪದವನ್ನು ಯಾರೂ ವಿವರಿಸಬೇಕಾಗಿಲ್ಲ. ಅಣೆಕಟ್ಟೆ ತುಂಬಿದ್ದರೂ ಮೇಲ್ಭಾಗದವರು ಹರಿಸಿಕೊಂಡ ನಂತರ ಉಳಿದದ್ದೇ ಕೆಳಭಾಗದವರ ಪಾಲು. ಅಂತರ್ಜಾಲ ಸಂಪರ್ಕವೂ ಇದೇ ಹಾದಿಯಲ್ಲಿದೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ್ದು 2011ರಲ್ಲಿ. ಭಾರತ್‌ನೆಟ್ ಎಂಬ ಹೆಸರು ಬಂದದ್ದು 2015ರಲ್ಲಿ. ಪರಿಷ್ಕೃತ ಯೋಜನೆಗೆ ಮತ್ತೆ ಅನುಮೋದನೆ ದೊರೆತದ್ದು 2023ರಲ್ಲಿ. ಪಂಚಾಯಿತಿ ಕಚೇರಿಯವರೆಗೆ ತಂತಿ ಬಂದರೂ ವಿದ್ಯಾರ್ಥಿಯ ಮನೆಯವರೆಗೆ ಬರುವುದು ಮೊಬೈಲ್ ಟವರ್‌ನ ಸಂಕೇತ ಮಾತ್ರ.

ವಿದ್ಯುತ್ತಿನ ಸ್ಥಿತಿಯೂ ಇದಕ್ಕೆ ಹೊರತಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ಯರಮರಸ್ ಕೇಂದ್ರದ್ದು 1,600 ಮೆಗಾವಾಟ್. ನಾಡಿಗೆ ಬೆಳಕು ನೀಡುವ ಜಿಲ್ಲೆಯ ಹಳ್ಳಿಗಳಿಗೆ ಕರೆಂಟ್ ಹೋಗುವುದು ಹೊಸ ಸುದ್ದಿಯಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆದ್ದರಿಂದ ಇಲ್ಲಿನ ವಿದ್ಯಾರ್ಥಿ ತಾಣವೊಂದನ್ನು ಆರಿಸುವಾಗ ಅದರ ಬಣ್ಣ, ಸೌಲಭ್ಯಗಳ ಪಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ಕೋಡ್ ನಿಜವಾಗಿ ಓಡುವುದು ಎಲ್ಲಿ? ನಾಳೆ ಆ ತಾಣ ಬಾಗಿಲು ಮುಚ್ಚಿದರೆ ಬರೆದದ್ದು ಯಾರ ಬಳಿ ಉಳಿಯುತ್ತದೆ?

ಓಡುವುದು ಎಲ್ಲಿ?

ಹೊರನೋಟಕ್ಕೆ ಎಲ್ಲ ತಾಣಗಳೂ ಒಂದೇ ಬಗೆಯಾಗಿ ಕಂಡರೂ ಒಳಗಿನ ವ್ಯವಸ್ಥೆ ಮೂರು ತೆರನಾದದ್ದು.

ಮೊದಲನೆಯದು, ಕಂಪನಿಯ ಸರ್ವರ್‌ನಲ್ಲಿ ಓಡುವ ವ್ಯವಸ್ಥೆ. ವಿದ್ಯಾರ್ಥಿ ಬರೆದ ಸಾಲುಗಳು ದೂರದ ಸರ್ವರ್‌ಗೆ ಹೋಗಿ, ಅಲ್ಲಿ ಓಡಿ, ಉತ್ತರ ಮಾತ್ರ ಪರದೆಗೆ ಮರಳುತ್ತದೆ. ಆನ್‌ಲೈನ್ ಜಿಡಿಬಿ, ಗೂಗಲ್ ಕೊಲ್ಯಾಬ್, ಗಿಟ್‌ಹಬ್ ಕೋಡ್‌ಸ್ಪೇಸಸ್, ರೆಪ್ಲಿಟ್ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಕೈಯಲ್ಲಿರುವ ಯಂತ್ರ ಹಳೆಯದಾದರೂ ನಡೆಯುತ್ತದೆ ಎಂಬುದು ಇವುಗಳ ದೊಡ್ಡ ಅನುಕೂಲ. ಹೋಗಿಬರುವುದು ಹೆಚ್ಚಾಗಿ ಅಕ್ಷರಗಳೇ ಆದ್ದರಿಂದ ಡೇಟಾ ಖರ್ಚೂ ವಿಡಿಯೊ ನೋಡುವುದಕ್ಕಿಂತ ಬಹಳ ಕಡಿಮೆ. ಆದರೆ ಸಂಪರ್ಕ ಕಡಿದ ಕ್ಷಣ ಕೆಲಸವೂ ನಿಲ್ಲುತ್ತದೆ.

ಎರಡನೆಯದು, ಬ್ರೌಸರ್‌ನ ಒಳಗೇ ಓಡುವ ವ್ಯವಸ್ಥೆ. 2019ರ ಡಿಸೆಂಬರ್‌ನಲ್ಲಿ ಅಧಿಕೃತ ಮಾನದಂಡವಾದ ವೆಬ್‌ಅಸೆಂಬ್ಲಿ ಎಂಬ ತಂತ್ರಜ್ಞಾನ ಇದಕ್ಕೆ ದಾರಿ ಮಾಡಿತು. ಮೊಜಿಲ್ಲಾದಲ್ಲಿ 2018ರಲ್ಲಿ ಆರಂಭವಾದ ಪಯೊಡೈಡ್ ಯೋಜನೆ ಪೈಥಾನ್ ಭಾಷೆಯನ್ನೇ ಬ್ರೌಸರ್‌ಗೆ ತಂದಿತು. ಅದನ್ನು ಆಧರಿಸಿದ ಜುಪಿಟರ್‌ಲೈಟ್ ನೋಟ್‌ಬುಕ್ ರೂಪದಲ್ಲಿ ದೊರೆಯುತ್ತದೆ. ಪುಟ ಪೂರ್ತಿಯಾಗಿ ಇಳಿದ ಮೇಲೆ ಲೆಕ್ಕವೆಲ್ಲ ವಿದ್ಯಾರ್ಥಿಯ ಯಂತ್ರದಲ್ಲಿಯೇ ನಡೆಯುತ್ತದೆ. ನಡುವೆ ನೆಟ್‌ವರ್ಕ್ ಹೋದರೂ ಕೂಡಿಸುವುದು, ಕಳೆಯುವುದು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಖಾತೆ ತೆರೆಯುವ ಅಗತ್ಯವೂ ಇರುವುದಿಲ್ಲ.

ಇದರಲ್ಲಿಯೂ ತೊಡಕುಗಳಿವೆ. ಮೊದಲ ಬಾರಿ ತೆರೆಯುವಾಗ ಹಲವು ಎಂ.ಬಿ. ಇಳಿಯಬೇಕು, ಅಂಕಿಅಂಶ ವಿಶ್ಲೇಷಣೆಯ ಲೈಬ್ರರಿಗಳನ್ನು ಸೇರಿಸಿದರೆ ಈ ಪ್ರಮಾಣ ಇನ್ನೂ ಏರುತ್ತದೆ. ಪೈಥಾನ್‌ನ ಎಲ್ಲ ಲೈಬ್ರರಿಗಳೂ ಅಲ್ಲಿ ನಡೆಯುವುದಿಲ್ಲ. ಮುಖ್ಯವಾಗಿ, ಬರೆದದ್ದು ಆ ಬ್ರೌಸರ್‌ನ ಸಂಗ್ರಹದಲ್ಲಿಯೇ ಉಳಿಯುತ್ತದೆ. ಹತ್ತಾರು ಮಂದಿ ಬಳಸುವ ಲ್ಯಾಬ್ ಯಂತ್ರದಲ್ಲಿ ಯಾರಾದರೂ ಬ್ರೌಸರ್ ಮಾಹಿತಿ ಅಳಿಸಿದರೆ ಒಂದು ಸೆಮಿಸ್ಟರ್‌ನ ಶ್ರಮವೂ ಅದರೊಂದಿಗೆ ಹೋಗುತ್ತದೆ.

ಮೂರನೆಯದು, ಕಾಲೇಜಿನದೇ ಸರ್ವರ್. ಲ್ಯಾಬ್‌ನ ಒಂದು ಸಶಕ್ತ ಯಂತ್ರದಲ್ಲಿ ಜುಪಿಟರ್‌ಹಬ್ ಅಥವಾ ಕೋಡ್-ಸರ್ವರ್ ಎಂಬ ಮುಕ್ತ ತಂತ್ರಾಂಶವನ್ನು ಅಳವಡಿಸಿದರೆ ಉಳಿದ ಯಂತ್ರಗಳು ಬ್ರೌಸರ್ ಮೂಲಕ ಅದನ್ನು ತಲುಪುತ್ತವೆ. ಹೊರಗಿನ ಅಂತರ್ಜಾಲ ಕಡಿದರೂ ಕಾಲೇಜಿನ ಒಳಜಾಲ ಸರಿಯಿದ್ದರೆ ಪಾಠ ನಡೆಯುತ್ತದೆ. ಈ ಮೂರನೆಯ ದಾರಿ ಇದೆ ಎಂಬುದೇ ಅನೇಕ ಕಡೆ ಚರ್ಚೆಗೆ ಬಂದಿಲ್ಲ.

ಉಚಿತದ ಗಡಿಯಾರ

'ಉಚಿತ' ಎಂಬ ಪದದ ಹಿಂದೆ ಒಂದು ಗಡಿಯಾರ ಇರುತ್ತದೆ. ಗಿಟ್‌ಹಬ್ ಕೋಡ್‌ಸ್ಪೇಸಸ್ 2022ರ ನವೆಂಬರ್‌ನಲ್ಲಿ ಎಲ್ಲ ವೈಯಕ್ತಿಕ ಖಾತೆಗಳಿಗೂ ತೆರೆದುಕೊಂಡಾಗ ಎರಡು ಕೋರ್‌ಗಳ ಯಂತ್ರದಲ್ಲಿ ತಿಂಗಳಿಗೆ 60 ಗಂಟೆ ಉಚಿತ ಎಂದು ಪ್ರಕಟಿಸಿತು. ದಿನಕ್ಕೆ ಎರಡು ಗಂಟೆ. ಕಲಿಯುವವರಿಗೆ ಇದು ಸಾಕಷ್ಟೇ. ಆದರೆ 30 ದಿನ ಮುಟ್ಟದೆ ಬಿಟ್ಟ ಕೋಡ್‌ಸ್ಪೇಸ್ ತಾನಾಗಿಯೇ ಅಳಿಯುವುದು ಅಲ್ಲಿನ ಸಾಮಾನ್ಯ ನಿಯಮ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಹೊಲದ ಕೆಲಸಕ್ಕೆ ನಿಂತ ವಿದ್ಯಾರ್ಥಿ ಮರಳಿ ಬಂದಾಗ, ಗಿಟ್‌ಹಬ್‌ಗೆ ಒಪ್ಪಿಸದೆ ಉಳಿಸಿದ್ದ ಕೆಲಸ ಅಲ್ಲಿ ಇರುವುದಿಲ್ಲ.

ಗೂಗಲ್ ಕೊಲ್ಯಾಬ್‌ನಲ್ಲಿ ನೋಟ್‌ಬುಕ್ ಬಳಕೆದಾರರ ಡ್ರೈವ್‌ನಲ್ಲಿ ಉಳಿಯುತ್ತದೆ. ಆದರೆ ಉಚಿತ ಬಳಕೆಯಲ್ಲಿ ಒಂದು ಅವಧಿ ಹೆಚ್ಚೆಂದರೆ 12 ಗಂಟೆ, ಅದೂ ಖಾತರಿಯಲ್ಲ. ಸುಮ್ಮನೆ ಬಿಟ್ಟರೆ ಮೊದಲೇ ಕಡಿಯುತ್ತದೆ. ಆ ಅವಧಿಯಲ್ಲಿ ಏರಿಸಿದ್ದ ಕಡತಗಳು ಕಾಣೆಯಾಗುತ್ತವೆ. ಗೂಗಲ್ ಕ್ಲೌಡ್ ಶೆಲ್ 5 ಜಿ.ಬಿ. ಜಾಗ ನೀಡುತ್ತದೆಯಾದರೂ 120 ದಿನ ಬಳಸದಿದ್ದರೆ ಆ ಜಾಗವನ್ನು ಹಿಂಪಡೆಯುತ್ತದೆ.

ಗಡಿಯಾರಕ್ಕಿಂತ ದೊಡ್ಡ ಅಪಾಯ ಬಾಗಿಲು ಮುಚ್ಚುವುದು. 2010ರಲ್ಲಿ ಆರಂಭವಾಗಿ ಈ ಕ್ಷೇತ್ರದ ಮೊದಲಿಗರಲ್ಲಿ ಒಂದಾಗಿದ್ದ ಕ್ಲೌಡ್9 ಅನ್ನು ಅಮೆಜಾನ್ 2016ರಲ್ಲಿ ಖರೀದಿಸಿತು. 2024ರ ಜುಲೈನಲ್ಲಿ ಹೊಸ ಗ್ರಾಹಕರಿಗೆ ಅದರ ಬಾಗಿಲು ಮುಚ್ಚಿತು. ಶಾಲಾ ಕಾಲೇಜುಗಳ ತರಗತಿಗಳಿಗಾಗಿ ರೆಪ್ಲಿಟ್ ಉಚಿತವಾಗಿ ನೀಡುತ್ತಿದ್ದ 'ಟೀಮ್ಸ್ ಫಾರ್ ಎಜುಕೇಷನ್' 2024ರ ಆಗಸ್ಟ್‌ನಲ್ಲಿ ನಿಂತಿತು. ಜಗತ್ತಿನಾದ್ಯಂತ ಅದನ್ನೇ ನಂಬಿ ಪಾಠದ ಯೋಜನೆ ಹಾಕಿಕೊಂಡಿದ್ದ ಅಧ್ಯಾಪಕರು ಬೇರೆ ದಾರಿ ಹುಡುಕಬೇಕಾಯಿತು. ಹೊಸಬರ ಅಚ್ಚುಮೆಚ್ಚಿನ ತಾಣವಾಗಿದ್ದ ಗ್ಲಿಚ್, 2025ರ ಜುಲೈ 8ರಂದು ಬಳಕೆದಾರರ ಯೋಜನೆಗಳನ್ನು ನಡೆಸುವುದನ್ನು ನಿಲ್ಲಿಸಿತು.

ಈ ಕಂಪನಿಗಳು ಮೋಸ ಮಾಡಿದವು ಎನ್ನಲಾಗದು. ಸರ್ವರ್ ನಡೆಸಲು ಹಣ ಬೇಕು. ಲಾಭವಿಲ್ಲದ ಅಂಗಡಿಯನ್ನು ಯಾರೂ ಬಹುಕಾಲ ತೆರೆದಿಡುವುದಿಲ್ಲ. ಬಾಡಿಗೆ ಮನೆಯಲ್ಲಿ ಇರುವವರು ಮನೆ ಖಾಲಿ ಮಾಡುವ ದಿನವೂ ಬರಬಹುದೆಂದು ಗಂಟುಮೂಟೆಯನ್ನು ಸಿದ್ಧವಾಗಿ ಇಟ್ಟುಕೊಳ್ಳುವಂತೆ, ಉಚಿತ ತಾಣದಲ್ಲಿ ಬರೆಯುವವರು ತಮ್ಮ ಕೋಡ್‌ನ ಪ್ರತಿಯೊಂದನ್ನು ಬೇರೆಡೆ ಇಡುವುದು ಜಾಣತನ. ಶುಲ್ಕ ಕಟ್ಟಿ ಬಳಸುವುದು ಪರಿಹಾರವೇ ಎಂದರೆ ಅದೂ ಸುಲಭವಲ್ಲ. ಹಲವು ತಾಣಗಳ ಮಾಸಿಕ ಶುಲ್ಕ ಡಾಲರ್ ಲೆಕ್ಕದಲ್ಲಿದ್ದು, ಅಂತಾರಾಷ್ಟ್ರೀಯ ಪಾವತಿಯ ಕಾರ್ಡ್ ಕೇಳುತ್ತವೆ. ಸಿರವಾರದ ಅಥವಾ ಅರಕೇರಾದ ಕೃಷಿ ಕುಟುಂಬದಲ್ಲಿ ಅಂತಹ ಕಾರ್ಡ್ ಇರುವುದು ಅಪರೂಪ.

ಟರ್ಬೊ ಸಿ ಬಿಟ್ಟು ಬರಬೇಕಾದ ಕಾಲ

ಹಾಗಾದರೆ ಹಳೆಯ ವ್ಯವಸ್ಥೆಯೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ತಂದ ಟರ್ಬೊ ಸಿಯ ನೀಲಿ ಪರದೆಯನ್ನು ಭಾರತದ ಅನೇಕ ಲ್ಯಾಬ್‌ಗಳು ಇಂದಿಗೂ ಕೈಬಿಟ್ಟಿಲ್ಲ. ಅಂತರ್ಜಾಲ ಬೇಡ, ಖರ್ಚಿಲ್ಲ, ಅಧ್ಯಾಪಕರಿಗೆ ಅಭ್ಯಾಸವಾಗಿದೆ. ಆದರೆ ಅದರ ನಷ್ಟ ವಿದ್ಯಾರ್ಥಿಗೆ ತಟ್ಟುವುದು ಲ್ಯಾಬ್ ಬಿಟ್ಟು ಹೊರಬಂದ ಮೇಲೆ.

ಒಂದು ಸರಳ ಉದಾಹರಣೆ ಸಾಕು. 1ರಿಂದ 8ರವರೆಗಿನ ಸಂಖ್ಯೆಗಳ ಗುಣಲಬ್ಧ, ಅಂದರೆ 8ರ ಫ್ಯಾಕ್ಟೋರಿಯಲ್, 40,320. ಟರ್ಬೊ ಸಿಯಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಎರಡು ಬೈಟ್ ಜಾಗವಷ್ಟೇ. ಅದರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 32,767. ಆದ್ದರಿಂದ ಪರದೆಯ ಮೇಲೆ ಬರುವ ಉತ್ತರ ಮೈನಸ್ 25,216. ಇಂದಿನ ಕಂಪೈಲರ್‌ಗಳಲ್ಲಿ ಅದೇ ಪೂರ್ಣಾಂಕಕ್ಕೆ ನಾಲ್ಕು ಬೈಟ್ ಇರುವುದರಿಂದ 40,320 ಎಂದೇ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಟರ್ಬೊ ಸಿಯಲ್ಲಿ ರೂಢಿಯಾದ 'ಕೊನಿಯೊ' ಹೆಡರ್ ಕಡತ ಹಾಗೂ ಪರದೆ ಒರೆಸುವ ಆಜ್ಞೆಯನ್ನು ಇಂದಿನ ಜಿಸಿಸಿ ಕಂಪೈಲರ್ ಒಪ್ಪುವುದೇ ಇಲ್ಲ.

ಉದ್ಯೋಗಕ್ಕೆ ಕರೆಯುವ ಕಂಪನಿಗಳ ಮೊದಲ ಸುತ್ತಿನ ಪರೀಕ್ಷೆ ಈಗ ಬಹುತೇಕ ಬ್ರೌಸರ್‌ನಲ್ಲಿಯೇ ನಡೆಯುತ್ತದೆ. ಹ್ಯಾಕರ್‌ರ್‍ಯಾಂಕ್, ಬೆಂಗಳೂರಿನಲ್ಲಿ ಹುಟ್ಟಿದ ಹ್ಯಾಕರ್‌ಅರ್ಥ್ ಮೊದಲಾದ ತಾಣಗಳಲ್ಲಿ ಗಡಿಯಾರ ಓಡುತ್ತಿರುವಾಗ ಕೋಡ್ ಬರೆಯಬೇಕು. ಎನ್‌ಪಿಟಿಇಎಲ್‌ನ ಪ್ರೋಗ್ರಾಮಿಂಗ್ ಕೋರ್ಸ್‌ಗಳ ಅಭ್ಯಾಸಗಳೂ ಬ್ರೌಸರ್‌ನಲ್ಲಿಯೇ ಮೌಲ್ಯಮಾಪನಗೊಳ್ಳುತ್ತವೆ. ಇಂತಹ ಪರದೆಯನ್ನು ಉದ್ಯೋಗ ಪರೀಕ್ಷೆಯ ದಿನವೇ ಮೊದಲ ಬಾರಿ ನೋಡುವ ವಿದ್ಯಾರ್ಥಿ ಸೋಲುವುದು ಜ್ಞಾನದ ಕೊರತೆಯಿಂದಲ್ಲ, ಪರಿಚಯದ ಕೊರತೆಯಿಂದ. ಸಂವಿಧಾನದ 371(ಜೆ) ವಿಧಿ ಈ ಭಾಗದವರಿಗೆ ಸರ್ಕಾರಿ ಹುದ್ದೆ ಹಾಗೂ ಶಿಕ್ಷಣದಲ್ಲಿ ಮೀಸಲು ಕೊಟ್ಟಿದೆ. ಖಾಸಗಿ ಕಂಪನಿಯ ಪರೀಕ್ಷೆಯ ಪರದೆಯ ಮುಂದೆ ಅದು ನೆರವಿಗೆ ಬರುವುದಿಲ್ಲ.

ಕನ್ನಡದ ವಿಷಯವೂ ಇಲ್ಲಿದೆ. ಟರ್ಬೊ ಸಿ ಹುಟ್ಟಿದ್ದು ಯುನಿಕೋಡ್‌ಗಿಂತ ಮೊದಲು. ಅದರ ಪರದೆಯಲ್ಲಿ ಕನ್ನಡ ಮೂಡದು. ಬ್ರೌಸರ್‌ನಲ್ಲಿ ಪೈಥಾನ್ ಬರೆಯುವವರು ಊರಿನ ಹೆಸರನ್ನು ಕನ್ನಡದಲ್ಲಿಯೇ ಕೊಡಬಹುದು. 'ರಾಯಚೂರು' ಎಂಬ ಪದದ ಉದ್ದ ಎಷ್ಟು ಎಂದು ಪೈಥಾನ್‌ಗೆ ಕೇಳಿದರೆ ಅದು ಹೇಳುವ ಉತ್ತರ 7. ಕಣ್ಣಿಗೆ ಕಾಣುವ ಅಕ್ಷರ ನಾಲ್ಕು; ಆದರೆ ಯುನಿಕೋಡ್ ಕಾಗುಣಿತದ ಚಿಹ್ನೆಗಳನ್ನು ಬೇರೆಯಾಗಿ ಎಣಿಸುತ್ತದೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಈ ಒಂದು ಪ್ರಯೋಗ ಅಕ್ಷರ ಸಂಕೇತಗಳ ಬಗ್ಗೆ ಇಡೀ ಅಧ್ಯಾಯ ಕಲಿಸಬಲ್ಲದು.

ಯಾರಿಗೆ ಯಾವುದು?

ಪದವಿಪೂರ್ವ ಗಣಕ ವಿಜ್ಞಾನದಲ್ಲಿ ಸಿ++ ಇದ್ದ ಜಾಗಕ್ಕೆ ಪೈಥಾನ್ ಬಂದಿದೆ. ಈ ಹಂತದವರಿಗೆ ಬ್ರೌಸರ್‌ನ ಒಳಗೇ ಓಡುವ ಜುಪಿಟರ್‌ಲೈಟ್‌ನಂತಹ ವ್ಯವಸ್ಥೆ ಸೂಕ್ತ. ಖಾತೆ ಬೇಡ ಎಂಬುದು ಇಲ್ಲಿ ಮುಖ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತ ಹಂತವಾಗಿ ಜಾರಿಗೆ ಬರಲಿವೆ. ಇಡೀ ತರಗತಿಯ ಹೆಸರು, ಮೊಬೈಲ್ ಸಂಖ್ಯೆಗಳನ್ನು ವಿದೇಶಿ ತಾಣವೊಂದಕ್ಕೆ ತುಂಬಿಸುವ ಮುನ್ನ ಉಪನ್ಯಾಸಕರು ಎರಡು ಬಾರಿ ಯೋಚಿಸುವುದು ಒಳಿತು.

ಪದವಿ ಹಾಗೂ ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ಸಿ ಭಾಷೆ ಅನಿವಾರ್ಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿಯೂ ಮೊದಲ ವರ್ಷದಲ್ಲಿ ಸಿ ಪ್ರೋಗ್ರಾಮಿಂಗ್ ಇದೆ. ಪೈಥಾನ್ ಪರಿಚಯವೂ ಇದೆ. ಸಿ ಕಲಿಯಲು ಆನ್‌ಲೈನ್ ಜಿಡಿಬಿಯಂತಹ ಸರಳ ತಾಣ ಸಾಕು. ಮೊಬೈಲ್‌ನಲ್ಲಿಯೂ ಅದು ತೆರೆಯುತ್ತದೆ. ಆದರೆ ಮೊಬೈಲ್ ಕೀಲಿಮಣೆಯಲ್ಲಿ ಒಂದು ಆವರಣ ಚಿಹ್ನೆ ಹಾಕಲು ಎರಡು ಮೂರು ಬಾರಿ ಒತ್ತಬೇಕಾದ್ದರಿಂದ ಐವತ್ತು ಸಾಲು ದಾಟಿದ ಪ್ರೋಗ್ರಾಂ ಬರೆಯುವುದು ಸಾಹಸವೇ ಸರಿ. ಮೊಬೈಲ್ ಓಡಿಸಿ ನೋಡಲು, ತಿದ್ದಲು ಆಗಬಹುದು. ಬರೆಯಲು ಕೀಬೋರ್ಡ್ ಇರುವ ಯಂತ್ರವೇ ಬೇಕು.

ಅಂತಿಮ ವರ್ಷದ ಪ್ರಾಜೆಕ್ಟ್ ಮಾಡುವವರಿಗೆ ಕೋಡ್‌ಸ್ಪೇಸಸ್ ಇಲ್ಲವೇ ಕೊಲ್ಯಾಬ್ ಉಪಯುಕ್ತ. ಕೋಡ್‌ಸ್ಪೇಸಸ್‌ನ ದೊಡ್ಡ ಗುಣವೆಂದರೆ ಅದು ಗಿಟ್ ಎಂಬ ಪ್ರತಿ ಸಂಗ್ರಹ ಪದ್ಧತಿಯ ಮೇಲೆ ನಿಂತಿರುವುದು. ದಿನದ ಕೆಲಸವನ್ನು ಗಿಟ್‌ಗೆ ಒಪ್ಪಿಸುವ ಅಭ್ಯಾಸ ಬಂದರೆ ಯಾವ ತಾಣ ಮುಚ್ಚಿದರೂ ಚಿಂತೆಯಿಲ್ಲ. ಅದೇ ಕೋಡನ್ನು ಇನ್ನೊಂದರಲ್ಲಿ ತೆರೆಯಬಹುದು. ಗಿಟ್ ಕಲಿಯದವರು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಇಳಿಸಿಕೊಂಡರೂ ಆದೀತು.

ಕೃತಕ ಬುದ್ಧಿಮತ್ತೆಯ ನೆರವನ್ನು ಪರದೆಯಲ್ಲಿಯೇ ಒಡ್ಡುವ ತಾಣಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕೆಲಸ ಬಲ್ಲವರಿಗೆ ಅದು ಸಮಯ ಉಳಿಸುತ್ತದೆ. ಲೂಪ್ ಎಂದರೇನು ಎಂದು ಈಗಷ್ಟೇ ಕಲಿಯುತ್ತಿರುವವರಿಗೆ ಉತ್ತರವನ್ನೇ ಬಡಿಸಿ ಕಲಿಕೆಯನ್ನು ಕಸಿಯುತ್ತದೆ. ಪರೀಕ್ಷೆಯ ಪರದೆಯಲ್ಲಿ ಆ ನೆರವು ಇರುವುದಿಲ್ಲ. ಮೊದಲ ವರ್ಷದವರಿಗೆ ಈ ಸೌಲಭ್ಯವಿಲ್ಲದ ಅಥವಾ ಆರಿಸಲು ಬರುವ ವ್ಯವಸ್ಥೆಯೇ ಲೇಸು.

ಹೊಣೆ ಯಾರದು?

ಇಷ್ಟೆಲ್ಲ ವಿವೇಚನೆಯನ್ನು ಹದಿನೆಂಟರ ವಿದ್ಯಾರ್ಥಿಯ ತಲೆಯ ಮೇಲೆ ಹೊರಿಸುವುದು ನ್ಯಾಯವೇ ಎಂಬುದು ಮೂಲಭೂತ ಪ್ರಶ್ನೆ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇರಿಸಿತ್ತು. ಕೇಂದ್ರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿ 2018ರಲ್ಲಿ ರಾಯಚೂರು ಸೇರಿತು. ಐಐಟಿಗಾಗಿ ಜಿಲ್ಲೆ ಹೋರಾಡಿತು. ಅದು ಧಾರವಾಡದ ಪಾಲಾಯಿತು. 2019ರಲ್ಲಿ ಐಐಐಟಿ ಬಂದಿತಾದರೂ ಮೊದಲ ತರಗತಿಗಳು ಐಐಟಿ ಹೈದರಾಬಾದ್ ಆವರಣದಲ್ಲಿ ನಡೆದವು. ಏಮ್ಸ್‌ಗಾಗಿ 2022ರ ಮೇ ತಿಂಗಳಿನಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆಯಿತು. ದೊಡ್ಡ ಸಂಸ್ಥೆಗಳಿಗಾಗಿ ನಡೆದ ಹೋರಾಟ ನ್ಯಾಯಯುತವೇ. ಆದರೆ ಅವುಗಳ ನಡುವೆ ಸಣ್ಣ ಖರ್ಚಿನಲ್ಲಿ ಆಗಬಹುದಾದ ಕೆಲಸಗಳು ಯಾರ ಗಮನಕ್ಕೂ ಬರದೆ ಉಳಿಯುತ್ತವೆ.

ಕಾಲೇಜಿನದೇ ಸರ್ವರ್ ಅಂತಹ ಒಂದು ಕೆಲಸ. ಜುಪಿಟರ್‌ಹಬ್‌ನ ಕಿರಿಯ ಆವೃತ್ತಿ ಒಂದೇ ಯಂತ್ರದಲ್ಲಿ ನೂರು ಬಳಕೆದಾರರವರೆಗೆ ನಡೆಯುವಂತೆ ರೂಪುಗೊಂಡಿದೆ, ತಂತ್ರಾಂಶಕ್ಕೆ ಶುಲ್ಕವಿಲ್ಲ. ಒಮ್ಮೆಗೆ 30 ವಿದ್ಯಾರ್ಥಿಗಳು, ತಲಾ 512 ಎಂ.ಬಿ. ಎಂದು ಲೆಕ್ಕ ಹಾಕಿದರೆ ಬೇಕಾಗುವ ಮೆಮೊರಿ ಸುಮಾರು 15 ಜಿ.ಬಿ. ಯಂತ್ರದ ಸ್ವಂತ ಬಳಕೆಯನ್ನೂ ಸೇರಿಸಿಕೊಂಡರೆ 32 ಜಿ.ಬಿ.ಯ ಒಂದು ಯಂತ್ರ, ಅದಕ್ಕೊಂದು ಯುಪಿಎಸ್ ಇದ್ದರೆ ಒಂದು ಲ್ಯಾಬ್ ನಡೆಯುತ್ತದೆ. ಅದರಲ್ಲಿ ಪೈಥಾನ್ ಇರುತ್ತದೆ. ಜಿಸಿಸಿ ಅಳವಡಿಸಿದರೆ ಸಿ ಕೂಡ ನಡೆಯುತ್ತದೆ. ಕಡತಗಳು ಕಾಲೇಜಿನಲ್ಲಿಯೇ ಉಳಿಯುತ್ತವೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಆಯವ್ಯಯದಲ್ಲಿ ಘೋಷಿಸಿದ ಮೊತ್ತ 5,000 ಕೋಟಿ ರೂಪಾಯಿ. ಅದರ ಮುಂದೆ ತಾಲ್ಲೂಕಿಗೊಂದು ಸರ್ವರ್‌ನ ಖರ್ಚು ಗಣನೆಗೂ ಬಾರದು. ನಿಜವಾದ ಕೊರತೆ ಯಂತ್ರದ್ದಲ್ಲ, ನೋಡಿಕೊಳ್ಳುವ ಕೈಗಳದ್ದು. ಯಂತ್ರ ಕೆಟ್ಟಾಗ, ಪಾಸ್‌ವರ್ಡ್ ಮರೆತಾಗ, ಡಿಸ್ಕ್ ತುಂಬಿದಾಗ ಯಾರಿಗೆ ಹೇಳಬೇಕು ಎಂಬುದು ಇತ್ಯರ್ಥವಾಗದಿದ್ದರೆ ಹೊಸ ಸರ್ವರ್ ಕೂಡ ಆರು ತಿಂಗಳಲ್ಲಿ ಧೂಳು ಹಿಡಿದ ಪೆಟ್ಟಿಗೆಯಾಗುತ್ತದೆ. ಜಿಲ್ಲಾ ಕೇಂದ್ರದಲ್ಲಿರುವ ಐಐಐಟಿ ಹಾಗೂ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಹಿರಿಯ ವಿದ್ಯಾರ್ಥಿಗಳಿಗೆ ತಾಲ್ಲೂಕು ಕಾಲೇಜುಗಳ ಸರ್ವರ್ ನೋಡಿಕೊಳ್ಳುವುದನ್ನೇ ಪ್ರಾಜೆಕ್ಟ್ ಆಗಿ ಒಪ್ಪಿಸಿದರೆ ಇಬ್ಬರಿಗೂ ಪ್ರಯೋಜನ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲಿಯೂ ಲಭ್ಯವಿದ್ದು, ಅವನ್ನು ಅದೇ ಸರ್ವರ್‌ನಲ್ಲಿ ಇರಿಸಿದರೆ ಡೇಟಾ ಖರ್ಚಿಲ್ಲದೆ ನೋಡಬಹುದು.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಕಾಯುತ್ತ ಕೂರಬೇಕಿಲ್ಲ. ಇರುವ ಉಚಿತ ತಾಣಗಳನ್ನು ಧಾರಾಳವಾಗಿ ಬಳಸಲಿ. ಒಂದನ್ನೇ ನಂಬದೆ ಎರಡರಲ್ಲಿ ಕೈಯಾಡಿಸಲಿ. ಬರೆದದ್ದರ ಪ್ರತಿಯನ್ನು ತಮ್ಮ ಬಳಿ ಇರಿಸಿಕೊಳ್ಳಲಿ. ಕಾಲುವೆಯ ನೀರನ್ನೇ ನಂಬದೆ ಹೊಲದಲ್ಲಿ ಕೃಷಿ ಹೊಂಡ ತೋಡಿಕೊಂಡ ಟೇಲ್‌ಎಂಡ್ ರೈತನ ವಿವೇಕ ಇದೇ ಆಗಿತ್ತು. ಮೇಲಿನಿಂದ ನೀರು ಬಂದಾಗ ತುಂಬಿಸಿಕೊಳ್ಳುವುದು ಅವನ ಜಾಣತನ. ನೀರು ಕೊನೆಯವರೆಗೂ ಹರಿಯುವಂತೆ ನೋಡಿಕೊಳ್ಳುವುದು ಮಾತ್ರ ಕಾಲುವೆ ಕಾಯುವವರ ಹೊಣೆಯಾಗಿಯೇ ಉಳಿಯುತ್ತದೆ.